ಸಂಜೆ ಏಳರ ಅಡುಗೆಗೆ ಫ್ರೀಜರ್ ತರಕಾರಿ

ನಮ್ಮ ಮನೆಯ ಫ್ರೀಜರ್‌ನ ಮೇಲಿನ ಅರೆಯಲ್ಲಿ ಅವರೆಕಾಳು, ತೆಂಗಿನತುರಿ, ನುಗ್ಗೆಕಾಯಿ ಇರುತ್ತವೆ. ಕೆಳಗಿನ ಅರೆಯಲ್ಲಿ ಬೀನ್ಸ್, ಬೆಂಡೆಕಾಯಿ, ಪಾಲಕ್, ಬಟಾಣಿ. ಜೊತೆಗೆ ಕ್ಯಾರೆಟ್, ಬಟಾಣಿ, ಜೋಳ, ಬೀನ್ಸ್ ಎಲ್ಲ ಬೆರೆತ ಒಂದು ದೊಡ್ಡ ಪ್ಯಾಕೆಟ್. ಬಾಗಿಲ ಪಕ್ಕದ ಡಬ್ಬಿಯಲ್ಲಿ ಕರಿಬೇವು. ಸೋಮವಾರದಿಂದ ಶುಕ್ರವಾರದವರೆಗೆ ನಮ್ಮ ರಾತ್ರಿ ಊಟ ಹೆಚ್ಚುಕಡಿಮೆ ಇಷ್ಟರಲ್ಲೇ ಆಗುತ್ತದೆ.

ನಾವಿರುವುದು ಷಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ನಾನು ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಮನೆ ಸೇರುವಾಗ ಆರೂವರೆ ದಾಟಿರುತ್ತದೆ. ಮಗಳು ಎಂಟೂವರೆಗೆ ಮಲಗಬೇಕು. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಆ ಕತ್ತಲಲ್ಲಿ, ಹಿಮದಲ್ಲಿ, ತಾಜಾ ಬೀನ್ಸ್ ಹುಡುಕಿಕೊಂಡು ಅಂಗಡಿಗೆ ಹೋಗುವ ಮಾತೇ ಇಲ್ಲ. ಆದರೂ ನನಗೆ ರಾತ್ರಿ ಊಟಕ್ಕೆ ಸಾರು, ಹುಳಿ, ಪಲ್ಯ ಬೇಕು. ಮಗಳ ನಾಲಿಗೆಗೂ ಈ ರುಚಿ ಹತ್ತಬೇಕು ಅಂತ ತುಂಬಾ ಆಸೆ.

ಅತ್ತೆಯವರು ಮೊದಲ ಸಲ ಇಲ್ಲಿಗೆ ಬಂದಾಗ ನಾನು ಪ್ಯಾಕೆಟ್ ಕತ್ತರಿಸಿ ಬಾಣಲೆಗೆ ಸುರಿಯುವುದನ್ನು ನೋಡಿ, "ಇದೆಲ್ಲ ತಂಗಳಲ್ವೇನಮ್ಮಾ?" ಅಂದರು. ಅವರ ಅನುಮಾನ ನನಗೆ ಅರ್ಥವಾಗುತ್ತದೆ. ಬೆಳಗ್ಗೆ ಸಂತೆಯಿಂದ ತಂದ ಸೊಪ್ಪನ್ನು ಮಧ್ಯಾಹ್ನದೊಳಗೆ ಬೇಯಿಸಿ ಬಡಿಸಿದವರು ಅವರು. ಹಳೆಯದು, ತಂಪಾದದ್ದು ಅಂದರೆ ಅವರ ಲೆಕ್ಕದಲ್ಲಿ ತಂಗಳೇ.

"ಇಲ್ಲ ಅತ್ತೆ, ಇದನ್ನ ಕಿತ್ತ ಮೇಲೆ ಬೇಗ ಹೆಪ್ಪುಗಟ್ಟಿಸಿಬಿಡ್ತಾರೆ," ಅಂದೆ. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಇದು ಗೊತ್ತಾದರೆ ಅಡುಗೆ ಅರ್ಧ ಕಲಿತ ಹಾಗೆ.

ಬಟಾಣಿ, ಬೀನ್ಸ್ ಮುಂತಾದವನ್ನು ಹೊಲದಿಂದ ಬಂದ ಕೂಡಲೇ ತೊಳೆದು, ಒಂದೆರಡು ನಿಮಿಷ ಕುದಿಯುವ ನೀರಿನಲ್ಲೋ ಹಬೆಯಲ್ಲೋ ಇಟ್ಟು ತೆಗೆಯುತ್ತಾರೆ. ಕಿತ್ತ ಮೇಲೂ ತರಕಾರಿಯೊಳಗೆ ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ. ಬಣ್ಣ ಮಾಸುವುದು, ರುಚಿ ಕೆಡುವುದು, ಸಿಹಿ ಇಳಿಯುವುದು ಅವುಗಳಿಂದ. ಆ ಬಿಸಿ ನೀರು ಅವನ್ನು ನಿಲ್ಲಿಸಿಬಿಡುತ್ತದೆ. ಆಮೇಲೆ ತಣ್ಣಗೆ ಮಾಡಿ, ತುಂಬಾ ತಂಪಾದ ಗಾಳಿಯಲ್ಲಿ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸುತ್ತಾರೆ. ಹಾಗಾಗಿಯೇ ಒಳ್ಳೆಯ ಬಟಾಣಿ ಪ್ಯಾಕೆಟ್ ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಒಂದೇ ಗಡ್ಡೆಯಾಗಿದ್ದರೆ ಅದು ನಡುವೆ ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿರುವ ಸಾಧ್ಯತೆ ಜಾಸ್ತಿ. ಅಂಥದ್ದನ್ನು ನಾನು ಕೊಳ್ಳುವುದಿಲ್ಲ. ಪಾಲಕ್ ಮಾತ್ರ ಬೇರೆ. ಅದನ್ನು ಇಟ್ಟಿಗೆಯ ಹಾಗೆ ಒತ್ತಿಯೇ ಮಾರುತ್ತಾರೆ.

ಬೇಗ ಹೆಪ್ಪುಗಟ್ಟಿಸುವುದು ಯಾಕೆ ಮುಖ್ಯ ಅನ್ನುವುದು ನನಗೆ ಕೆಲಸದಿಂದಲೂ ಗೊತ್ತು. ನಿಧಾನವಾಗಿ ತಣ್ಣಗಾದರೆ ಒಳಗಿನ ನೀರು ದೊಡ್ಡ ದೊಡ್ಡ ಹರಳಾಗಿ ಜೀವಕೋಶದ ಗೋಡೆಯನ್ನು ಸೀಳುತ್ತದೆ. ಬೇಗ ತಣ್ಣಗಾದರೆ ಹರಳು ಸಣ್ಣದಾಗಿ ಉಳಿಯುತ್ತವೆ. ಇದನ್ನು ವ್ಯಾಪಾರಕ್ಕೆ ತಂದವರು ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ. ಈಗಿನ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದಾಗ, ಅಲ್ಲಿನ ಇನ್ಯೂಯಿಟ್ ಜನ ಹಿಡಿದ ಮೀನು ಆ ಚಳಿಗಾಳಿಗೆ ಗಳಿಗೆಯಲ್ಲಿ ಕಲ್ಲಾಗುವುದನ್ನು ಅವರು ನೋಡಿದರು. ತಿಂಗಳುಗಳ ಮೇಲೆ ಬೇಯಿಸಿದರೂ ಅದು ತಾಜಾ ಮೀನಿನ ಹಾಗೇ ಇರುತ್ತಿತ್ತು. 1930ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ಅಂಗಡಿಗಳಲ್ಲಿ ಬರ್ಡ್ಸ್‌ಐ ಹೆಸರಿನ ಪ್ಯಾಕೆಟ್‌ಗಳು ಮೊದಲ ಸಲ ಮಾರಾಟಕ್ಕೆ ಬಂದವು. ಆ ಹೆಸರು ಇಂದಿಗೂ ಇಲ್ಲಿನ ಅಂಗಡಿಗಳ ಫ್ರೀಜರ್ ಸಾಲುಗಳಲ್ಲಿದೆ.

ಇಷ್ಟು ಹೇಳಿದ್ದು ಯಾಕೆಂದರೆ, ಪ್ಯಾಕೆಟ್‌ನೊಳಗಿನ ತರಕಾರಿ ಆಗಲೇ ಸ್ವಲ್ಪ ಬೆಂದಿರುತ್ತದೆ. ಹರಳು ಎಷ್ಟೇ ಸಣ್ಣದಾದರೂ ಗೋಡೆ ಅಲ್ಲಲ್ಲಿ ಒಡೆದೇ ಇರುತ್ತದೆ. ಹಾಗಾಗಿ ಬಿಸಿ ತಗುಲಿದ ಕೂಡಲೇ ನೀರು ಬಿಡುತ್ತದೆ. ತಾಜಾ ಬೀನ್ಸ್‌ಗೆ ನೀರು ಚಿಮುಕಿಸಿ ಮುಚ್ಚಿ ಬೇಯಿಸುತ್ತೇವಲ್ಲ, ಅದೇ ರೀತಿ ಇದಕ್ಕೂ ಮಾಡಿದರೆ ಮುದ್ದೆಯಾಗುತ್ತದೆ. ಫ್ರೋಜನ್ ತರಕಾರಿ ಸಪ್ಪೆ, ಮೆತ್ತಗೆ ಅಂತ ಜನ ಬೈಯುವುದೆಲ್ಲ ಸಾಮಾನ್ಯವಾಗಿ ಇದೇ ಕಾರಣಕ್ಕೆ. ಕಡಿಮೆ ಹೊತ್ತು, ಜೋರು ಉರಿ, ಮುಚ್ಚಳ ಬೇಡ, ನೀರು ಬೇಡ. ಪಲ್ಯಕ್ಕೆ ಇಷ್ಟು ನೆನಪಿದ್ದರೆ ಸಾಕು.

ಬೀನ್ಸ್ ಪಲ್ಯವನ್ನೇ ತಗೊಳ್ಳಿ. ಅಗಲ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಇಂಗು, ಕರಿಬೇವು ಹಾಕಿ. ಕರಿಬೇವೂ ಫ್ರೀಜರ್‌ನದ್ದೇ. ತೊಳೆದು ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಪರಿಮಳ ಉಳಿಯುತ್ತದೆ. ನೇರ ಎಣ್ಣೆಗೆ ಹಾಕಬಹುದು, ಸಿಡಿಯುವುದರಿಂದ ಸ್ವಲ್ಪ ದೂರ ನಿಲ್ಲಿ. ಆಮೇಲೆ ಬೀನ್ಸನ್ನು ಕರಗಿಸದೆ ಹಾಗೇ ಸುರಿದು ಉರಿ ಜೋರು ಮಾಡಿ. ಎರಡು ನಿಮಿಷಕ್ಕೆ ನೀರು ಬಿಡುತ್ತದೆ, ಇನ್ನು ಐದಾರು ನಿಮಿಷಕ್ಕೆ ಆರುತ್ತದೆ. ಉಪ್ಪು ಆಗ ಹಾಕಿ, ಮೊದಲೇ ಹಾಕಿದರೆ ನೀರು ಇನ್ನೂ ಜಾಸ್ತಿ ಬಿಡುತ್ತದೆ. ಕೊನೆಗೆ ಒಂದು ಚಮಚ ಹುರಿಗಡಲೆ ಪುಡಿ ಉದುರಿಸುತ್ತೇನೆ. ಉಳಿದ ಪಸೆಯನ್ನೆಲ್ಲ ಅದು ಹೀರಿಕೊಂಡು ಪಲ್ಯ ಉದುರುದುರಾಗುತ್ತದೆ. ಒಲೆ ಆರಿಸಿದ ಮೇಲೆ ತೆಂಗಿನತುರಿ. ಇದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಹೊರಗಿಟ್ಟಿದ್ದರೆ ಸಾಕು, ಮರೆತಿದ್ದರೆ ಮೈಕ್ರೋವೇವ್‌ನಲ್ಲಿ ಅರ್ಧ ನಿಮಿಷ. ಈ ದೇಶದಲ್ಲಿ ಕಾಯಿ ಒಡೆದರೆ ಒಳಗೆ ಕೆಟ್ಟಿರುವುದೇ ಹೆಚ್ಚು. ಪ್ಯಾಕೆಟ್ ತುರಿಯೇ ನನಗೆ ಮೇಲು ಅನ್ನಿಸುತ್ತದೆ.

ಬೆಂಡೆಕಾಯಿಗೆ ಇದಕ್ಕಿಂತ ಹೆಚ್ಚು ಗಮನ ಬೇಕು. ಕರಗಲು ಬಿಟ್ಟರೆ ಲೋಳೆ ಎಳೆಎಳೆಯಾಗಿ ಬರುತ್ತದೆ, ಆಮೇಲೆ ಅದನ್ನು ಸರಿ ಮಾಡುವುದು ಕಷ್ಟ. ನನಗೆ ಒಗ್ಗಿದ್ದು ಓವನ್ ದಾರಿ. 425 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ, ಓವನ್ ಕಾಯಿಸಿ. ಹೋಳುಗಳಿಗೆ ಎಣ್ಣೆ ಸವರಿ, ತಟ್ಟೆಯ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡಿ. 20-25 ನಿಮಿಷಕ್ಕೆ ಅಂಚು ಕೆಂಪಗಾಗುತ್ತದೆ. ನಡುವೆ ಒಂದು ಸಲ ತಿರುವಿ ಹಾಕಿದರೆ ಸಾಕು. ಅಷ್ಟು ಹೊತ್ತಿಗೆ ಅನ್ನ ಆಗಿರುತ್ತದೆ, ಮಗಳ ಹೋಂವರ್ಕ್ ನೋಡಿಯೂ ಆಗಿರುತ್ತದೆ. ಹುರಿದ ಬೆಂಡೆಕಾಯಿಯನ್ನು ಹುಣಸೆಹಣ್ಣು, ಬೆಲ್ಲ, ಸಾರಿನಪುಡಿ ಕುದಿಸಿದ ಗೊಜ್ಜಿಗೆ ಹಾಕಿ. ಹುಳಿ ಇದ್ದಲ್ಲಿ ಲೋಳೆ ಕಾಟ ಕೊಡುವುದಿಲ್ಲ. ಗೊಜ್ಜು ಬೇಡವಾದರೆ ಮೊಸರಿಗೆ ಕಲಸಿ ಒಗ್ಗರಣೆ ಕೊಡಿ. ಫ್ರೋಜನ್ ಬೆಂಡೆಕಾಯಿಯ ಒಣ ಪಲ್ಯಕ್ಕಿಂತ ಗೊಜ್ಜೇ ಚೆನ್ನ ಅಂತ ನನ್ನ ಅಭಿಪ್ರಾಯ.

ಇನ್ನು ಪಾಲಕ್. ಇಟ್ಟಿಗೆಯಂಥ ಪ್ಯಾಕೆಟ್ ನೋಡಿ ಏನು ಮಾಡುವುದು ಅಂತ ಅನೇಕರು ಕೇಳುತ್ತಾರೆ. ಮಸ್ಸೊಪ್ಪಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಅರ್ಧ ಕಪ್ ತೊಗರಿಬೇಳೆ, ಈರುಳ್ಳಿ, ಐದಾರು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಅರಿಸಿನ, ಎರಡು ಕಪ್ ನೀರು. ಇದರ ಮೇಲೆ ಆ ಗಟ್ಟಿ ಸೊಪ್ಪನ್ನು ಹಾಗೇ ಇಟ್ಟು ಕುಕ್ಕರ್ ಮುಚ್ಚಿ. ಬೇಯುವ ಹೊತ್ತು ಅಷ್ಟೇ, ಪ್ರೆಷರ್ ಬರುವುದು ಮಾತ್ರ ಸ್ವಲ್ಪ ತಡ. ಟೊಮೇಟೊ, ಹುಣಸೆರಸ ಎರಡನ್ನೂ ಬೇಳೆ ಬೆಂದ ಮೇಲೆ ಹಾಕಿ, ಹುಳಿ ಜೊತೆಗಿದ್ದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಮುಚ್ಚಳ ತೆಗೆದು, ಮಸೆಯುವ ಕೋಲಿನಲ್ಲಿ ಮಸೆದು, ಒಂದು ಕುದಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಸೊಪ್ಪು ಬಿಡಿಸುವುದು, ಮಣ್ಣು ಹೋಗುವ ತನಕ ತೊಳೆಯುವುದು, ಹೆಚ್ಚುವುದು ಎಲ್ಲ ತಪ್ಪಿತು. ಫ್ರಿಡ್ಜ್‌ನಲ್ಲಿ ದಿನಗಟ್ಟಲೆ ಬಾಡಿದ ಸೊಪ್ಪಿಗೆ ಹೋಲಿಸಿದರೆ ಇದರಲ್ಲಿ ಸತ್ವವೂ ಕಮ್ಮಿಯೇನಲ್ಲ. ಬಿಸಿ ನೀರಿನಲ್ಲಿ ಅದ್ದುವಾಗ ಸಿ ವಿಟಮಿನ್ ಸ್ವಲ್ಪ ಹೋಗುವುದು ನಿಜ. ಆದರೆ ಕಿತ್ತ ಸೊಪ್ಪು ಸುಮ್ನೆ ಇಟ್ಟಲ್ಲೇ ಅದನ್ನು ದಿನದಿನಕ್ಕೂ ಕಳೆದುಕೊಳ್ಳುತ್ತಿರುತ್ತದೆ.

ಈಗ ಅವರೆಕಾಳಿಗೆ ಬರೋಣ. ಈ ಬರಹ ಶುರು ಮಾಡಿದ್ದೇ ಅದಕ್ಕಾಗಿ.

ನಮ್ಮೂರು ಮಾಗಡಿ ಕಡೆ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ, ಅಂದರೆ ರಾಗಿಯ ನಡುನಡುವೆ ಬಿಟ್ಟ ಸಾಲುಗಳಲ್ಲಿ, ಅವರೆ ಹಾಕುತ್ತಾರೆ. ರಾಗಿ ಕಟಾವಾದ ಮೇಲೆ ಅವರೆ ಹಬ್ಬಿ ಹೂ ಬಿಟ್ಟು, ಚಳಿ ಬೀಳುವ ಹೊತ್ತಿಗೆ ಕಾಯಿ ತುಂಬುತ್ತದೆ. ಡಿಸೆಂಬರ್, ಜನವರಿ ಅಂದರೆ ಮನೆಮನೆಯಲ್ಲೂ ಅವರೆಕಾಯಿ ಸುಲಿಯುವ ಕೆಲಸ. ಸಾರು, ಉಪ್ಪಿಟ್ಟು, ರೊಟ್ಟಿ, ಹಿತಕಿದ ಬೇಳೆ ಹುಳಿ, ಎಲ್ಲದರಲ್ಲೂ ಅದೇ. ಮದುವೆಯಾಗಿ ಇಲ್ಲಿಗೆ ಬಂದಾಗ ನಾನು ಮನಸ್ಸಲ್ಲೇ ಬಿಟ್ಟುಕೊಟ್ಟಿದ್ದ ಊಟ ಇದು.

ಆಮೇಲೆ ಪಟೇಲ್ ಬ್ರದರ್ಸ್ ಅಂಗಡಿಯಲ್ಲಿ ಗುಜರಾತಿ ಗೆಳತಿಯೊಬ್ಬಳು ಒಂದು ಪ್ಯಾಕೆಟ್ ತೋರಿಸಿದಳು. ಈ ಅಂಗಡಿ 1974ರಲ್ಲಿ ಷಿಕಾಗೋದ ಡೆವನ್ ಅವೆನ್ಯೂದಲ್ಲಿ ಶುರುವಾಗಿದ್ದು, ಈಗ ಅಮೆರಿಕದ ಎಷ್ಟೋ ಊರುಗಳಲ್ಲಿದೆ. ಪ್ಯಾಕೆಟ್ ಮೇಲೆ 'ಸೂರ್ತಿ ಪಾಪಡಿ ಲಿಲ್ವಾ' ಅಂತ ಇತ್ತು. ಗುಜರಾತಿಗಳು ಚಳಿಗಾಲದಲ್ಲಿ ಊಂಧಿಯು ಅನ್ನುವ ಬೆರಕೆ ತರಕಾರಿ ಅಡುಗೆ ಮಾಡಲು ಬಳಸುವ ಕಾಳು. ಕೈಗೆ ತೆಗೆದುಕೊಂಡು ನೋಡಿದರೆ ನಮ್ಮ ಅವರೆಕಾಳು! ಅಂಗಡಿಯಲ್ಲೇ ಕಣ್ಣು ತುಂಬಿ ಬಂತು. ಪಕ್ಕದಲ್ಲೇ 'ತುವೇರ್ ಲಿಲ್ವಾ' ಇರುತ್ತದೆ, ಅದು ಹಸಿ ತೊಗರಿಕಾಳು. ಅದರ ಸಾರೂ ಚೆನ್ನಾಗಿರುತ್ತದೆ, ಆದರೆ ಪ್ಯಾಕೆಟ್ ಓದಿ ತಗೊಳ್ಳಿ. ಇಂಡಿಯನ್ ಅಂಗಡಿ ಇಲ್ಲದ ಊರಿನಲ್ಲಿರುವವರು ಸಾಮಾನ್ಯ ಸೂಪರ್‌ಮಾರ್ಕೆಟ್‌ನ ಫ್ರೋಜನ್ ಲೈಮಾ ಬೀನ್ಸ್ ಬಳಸುತ್ತಾರೆ. ಅದು ಬೇರೆ ಜಾತಿಯ ಕಾಳು, ಹಿಟ್ಟುಹಿಟ್ಟಾಗಿರುತ್ತದೆ. ಸಾರಿಗೆ ನಡೆಯುತ್ತದೆ, ಉಪ್ಪಿಟ್ಟಿಗೆ ನನಗೆ ಹಿಡಿಸಲಿಲ್ಲ.

ಸಾರಿನ ಮಸಾಲೆಯನ್ನು ನಾನು ಭಾನುವಾರವೇ ಮಾಡಿಡುತ್ತೇನೆ. ಎರಡು ಚಮಚ ಧನಿಯ, ಐದು ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಎರಡು ಗುಂಟೂರು, ಒಂದು ಚಮಚ ಗಸಗಸೆ, ಸಣ್ಣ ಚೂರು ಚಕ್ಕೆ, ಎರಡು ಲವಂಗ. ಇವನ್ನು ಹುರಿದು, ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಒಂದು ಟೊಮೇಟೊ ಬಾಡಿಸಿಕೊಂಡು, ಅರ್ಧ ಕಪ್ ತೆಂಗಿನತುರಿ, ಒಂದು ಹಿಡಿ ಕೊತ್ತಂಬರಿಸೊಪ್ಪಿನ ಜೊತೆ ನುಣ್ಣಗೆ ರುಬ್ಬುವುದು. ಇದು ಒಂದು ಪ್ಯಾಕೆಟ್ ಕಾಳಿಗೆ. ಇದರ ಮೂರು ಪಟ್ಟು ರುಬ್ಬಿ, ಭಾಗ ಮಾಡಿ, ಸಣ್ಣ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕುತ್ತೇನೆ. ರುಬ್ಬುವಾಗ ನೀರು ಕಮ್ಮಿ ಇದ್ದರೆ ಒಳ್ಳೆಯದು.

ವಾರದ ನಡುವಿನ ಸಂಜೆ ಕೆಲಸ ಸುಲಭ. ಒಗ್ಗರಣೆಗೆ ಈರುಳ್ಳಿ, ಆಮೇಲೆ ಸಣ್ಣಗೆ ಹೆಚ್ಚಿದ ಒಂದು ಆಲೂಗಡ್ಡೆ, ಫ್ರೀಜರ್‌ನಿಂದ ನೇರ ಅವರೆಕಾಳು, ಮುಳುಗುವಷ್ಟು ಬಿಸಿ ನೀರು. ಇದನ್ನು ಕುಕ್ಕರ್‌ನಲ್ಲಿ ಕೂಗಿಸಬೇಡಿ, ಕಾಳು ಒಡೆದು ಸಾರು ಗೊಜ್ಜಲಾಗುತ್ತದೆ. ತೆರೆದ ಪಾತ್ರೆಯಲ್ಲಿ 12-15 ನಿಮಿಷ ಸಾಕು. ಕಾಳನ್ನು ಬೆರಳಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ಮೆತ್ತಗಾಗಬೇಕು. ಆಗ ಮಸಾಲೆ, ಉಪ್ಪು ಹಾಕಿ ಇನ್ನೊಂದು ಐದು ನಿಮಿಷ ಕುದಿಸಿ. ಪಕ್ಕದ ಒಲೆಯಲ್ಲಿ ರಾಗಿ ಮುದ್ದೆ. ರಾಗಿ ಹಿಟ್ಟು ಈಗ ಎಲ್ಲ ಇಂಡಿಯನ್ ಅಂಗಡಿಗಳಲ್ಲೂ ಸಿಗುತ್ತದೆ. ಕೆಲಸದ ಬಟ್ಟೆ ಬದಲಿಸಿ ಅಡುಗೆಮನೆಗೆ ಬಂದವಳು ಮುಕ್ಕಾಲು ಗಂಟೆಯೊಳಗೆ ಮುದ್ದೆ ಸಾರು ಬಡಿಸುತ್ತೇನೆ ಅಂದರೆ ಊರಲ್ಲಿ ಅಮ್ಮ ನಂಬುವುದಿಲ್ಲ.

ಹಿತಕಿದ ಬೇಳೆಗೆ ಫ್ರೋಜನ್ ಕಾಳು ತಾಜಾಕ್ಕಿಂತ ಸುಲಭ. ಊರಲ್ಲಿ ಕಾಳನ್ನು ರಾತ್ರಿಯೆಲ್ಲ ನೆನೆಸಿ ಬೆಳಗ್ಗೆ ಹಿತಕುತ್ತಿದ್ದೆವು. ಇಲ್ಲಿ ಬಿಸಿ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ತಾನೇ ಸಡಿಲವಾಗುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಈಚೆಗೆ ಬರುತ್ತದೆ. "ತಂಗಳಲ್ವೇನಮ್ಮಾ" ಅಂದಿದ್ದ ಅತ್ತೆಯವರು ಈ ಕೆಲಸ ಕೈಗೆತ್ತಿಕೊಂಡು, ಟೀವಿ ಮುಂದೆ ಕೂತು ಎರಡು ಪ್ಯಾಕೆಟ್ ಹಿತಕಿ ಮುಗಿಸಿದರು. ಮೊಮ್ಮಗಳಿಗೂ ಕಲಿಸಿದರು. "ಬೆಂಗಳೂರಲ್ಲೂ ಇದು ಸಿಕ್ಕಿದ್ರೆ ಬೇಸಿಗೇಲೂ ಹುಳಿ ಮಾಡಬಹುದಿತ್ತು," ಅಂದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ಹುಳಿಗೆ ತುಪ್ಪ ಧಾರಾಳವಾಗಿ ಸುರಿದುಬಿಟ್ಟೆ.

ಆದರೆ ಒಂದು ವಿಷಯ ಒಪ್ಪಬೇಕು. ಸೊಗಡು ಫ್ರೀಜರ್‌ನಿಂದ ಬರುವುದಿಲ್ಲ. ಹೊಲದ ಅವರೆಕಾಯಿ ಸುಲಿದರೆ ಕೈಗೆಲ್ಲ ಅಂಟುವ ಆ ಘಮಲು ಕಾಯಿಯ ಸಿಪ್ಪೆಯಲ್ಲಿರುತ್ತದೆ. ಪ್ಯಾಕೆಟ್‌ಗೆ ಬರುವುದು ಕಾಳು ಮಾತ್ರ. ಯಾವ ಮಸಾಲೆಯೂ ಅದನ್ನು ತುಂಬಿಕೊಡುವುದಿಲ್ಲ. ಇಲ್ಲಿಯೇ ಬೆಳೆಯೋಣ ಅಂತ ನಮ್ಮ ಬೀದಿಯ ಕನ್ನಡದವರೊಬ್ಬರು ಹಿತ್ತಲಲ್ಲಿ ಊರ ಬೀಜ ಹಾಕಿದ್ದರು. ಬಳ್ಳಿ ಬೇಲಿ ತುಂಬಾ ಹಬ್ಬಿತು. ಹಳೆಯ ಅವರೆ ತಳಿಗಳು ಹಗಲು ಚಿಕ್ಕದಾದರೆ ಮಾತ್ರ ಹೂ ಬಿಡುತ್ತವೆ. ಹೂ ಕಾಣಿಸಿಕೊಳ್ಳುವ ಹೊತ್ತಿಗೆ ಅಕ್ಟೋಬರ್ ಬಂತು, ಇಬ್ಬನಿ ಹೆಪ್ಪುಗಟ್ಟಿ ಬಳ್ಳಿ ಕಪ್ಪಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದಕ್ಕೆ ಕಾಯದೆ ಹೂ ಬಿಡುವ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು ಕೊಟ್ಟಿದೆ. ಈಗ ಊರಲ್ಲಿ ಚಳಿಗಾಲ ಬಿಟ್ಟು ಬೇರೆ ಕಾಲದಲ್ಲೂ ಅವರೆಕಾಯಿ ಕಾಣುವುದು ಅವುಗಳಿಂದಲೇ. ಅವುಗಳಲ್ಲಿ ಸೊಗಡು ಕಮ್ಮಿ ಅಂತ ಅಪ್ಪ ಈಗಲೂ ಹೇಳುತ್ತಾರೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ನುಗ್ಗೆಕಾಯಿ ಹುಳಿಗೆ ಬೇಳೆ ಬೆಂದ ಮೇಲೆ ಹಾಕಿ ಏಳೆಂಟು ನಿಮಿಷ, ಅಷ್ಟೇ. ಬೆರಕೆ ತರಕಾರಿ ಸಾಗು, ಪಲಾವ್, ಬಿಸಿಬೇಳೆಬಾತಿಗೆ ಚೆನ್ನ. ಪಲಾವಿಗೆ ಮಾಮೂಲಿಗಿಂತ ಕಾಲು ಕಪ್ ನೀರು ಕಮ್ಮಿ ಇಡಿ. ಉಪ್ಪಿಟ್ಟಿಗೂ ನಡೆಯುತ್ತದೆ. ಹೂಕೋಸು ಸಾಗುವಿಗೆ ಸರಿ, ಪಲ್ಯಕ್ಕೆ ಬೇಡ. ತೊಂಡೆಕಾಯಿ ರಬ್ಬರಿನ ಹಾಗಾಗುತ್ತದೆ, ನಾನು ತರುವುದೇ ಬಿಟ್ಟಿದ್ದೇನೆ. ಬದನೆಕಾಯಿ, ಸೋರೆಕಾಯಿಗೆ ತಾಜಾನೇ ಸರಿ, ಶನಿವಾರ ಮಾಡಿಕೊಳ್ಳಿ.

ಕೋಸಂಬರಿಗೆ ಫ್ರೋಜನ್ ಜೋಳ, ಬಟಾಣಿಯನ್ನು ಬರೀ ಕರಗಿಸಿ ಹಾಕಬೇಡಿ. ಇದನ್ನು ಲ್ಯಾಬ್‌ನವಳಾಗಿ ಒತ್ತಿ ಹೇಳುತ್ತೇನೆ. ಫ್ರೀಜರ್‌ನ ತಂಪು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ, ಎಲ್ಲವನ್ನೂ ಕೊಲ್ಲುವುದಿಲ್ಲ. 2015ರಿಂದ 2018ರವರೆಗೆ ಯೂರೋಪಿನ ಹಲವು ದೇಶಗಳಲ್ಲಿ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಹರಡಿ ಜನ ಸತ್ತಿದ್ದರು. ಮೂಲ ಹುಡುಕಿದಾಗ ಸಿಕ್ಕಿದ್ದು ಫ್ರೋಜನ್ ಜೋಳ. ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಇನ್ನೂ ಎಚ್ಚರ ಬೇಕು. ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿ, ಬಸಿದು, ತಣ್ಣಗಾದ ಮೇಲೆ ಕಲಸಿ. ರುಚಿ ಏನೂ ಕೆಡುವುದಿಲ್ಲ.

ಫ್ರೀಜರ್ ಸೊನ್ನೆ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಮೈನಸ್ 18 ಸೆಲ್ಸಿಯಸ್‌ನಲ್ಲಿ ಇರಬೇಕು. ಹಿಮಗಾಳಿಗೆ ಕರೆಂಟ್ ಹೋದರೆ ಬಾಗಿಲು ತೆಗೆಯದೆ ಇರಿ. ಫ್ರೀಜರ್ ತುಂಬಿದ್ದರೆ ಸುಮಾರು 48 ಗಂಟೆ ತಂಪು ಉಳಿಯುತ್ತದೆ, ಅರ್ಧ ಇದ್ದರೆ 24 ಗಂಟೆ. ಹಾಗಾಗಿ ಚಳಿಗಾಲ ಶುರುವಾಗುವ ಮುಂಚೆ ನಾನು ತುಂಬಿಸಿಯೇ ಇಡುತ್ತೇನೆ. ತೆರೆದ ಪ್ಯಾಕೆಟ್‌ನ ಗಾಳಿ ಒತ್ತಿ ತೆಗೆದು ಕ್ಲಿಪ್ ಹಾಕಿ, ಇಲ್ಲದಿದ್ದರೆ ತರಕಾರಿ ಒಣಗಿ ಬೆಳ್ಳಗಾಗುತ್ತದೆ.

ಪ್ಯಾಕೆಟ್‌ನ ತಳದಲ್ಲಿ ಯಾವಾಗಲೂ ಒಂದು ಹಿಡಿ ಅವರೆಕಾಳು ಉಳಿಯುತ್ತದಲ್ಲ, ಅದಕ್ಕೆ ಶುಕ್ರವಾರದ ಅಕ್ಕಿರೊಟ್ಟಿ. ಕಾಳನ್ನು ಉಪ್ಪು ನೀರಿನಲ್ಲಿ ಬೇಯಿಸಿ ಬಸಿಯಿರಿ. ಎರಡು ಕಪ್ ಅಕ್ಕಿಹಿಟ್ಟಿಗೆ ಈ ಕಾಳು, ತೆಂಗಿನತುರಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಜೀರಿಗೆ, ಸಣ್ಣಗೆ ಹೆಚ್ಚಿದ ಈರುಳ್ಳಿ. ಸಬ್ಬಸಿಗೆ ಇಲ್ಲಿನ ಯಾವ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತದೆ. ಕಾಳು ಬೆಂದ ಬಿಸಿ ನೀರಲ್ಲೇ ಹಿಟ್ಟು ಕಲಸಿ, ರೊಟ್ಟಿ ಮೆತ್ತಗೆ ಬರುತ್ತದೆ. ತಣ್ಣಗಿರುವ ಕಾವಲಿಗೆ ಎಣ್ಣೆ ಸವರಿ ತೆಳ್ಳಗೆ ತಟ್ಟಿ, ನಾಲ್ಕೈದು ತೂತು ಮಾಡಿ ಎಣ್ಣೆ ಬಿಟ್ಟು, ಮುಚ್ಚಿ ಬೇಯಿಸಿ. ಎರಡು ಕಾವಲಿ ಇದ್ದರೆ ಒಂದು ಬೇಯುವಾಗ ಇನ್ನೊಂದನ್ನು ತಣ್ಣೀರಲ್ಲಿ ಆರಿಸಿಕೊಂಡು ಮುಂದಿನದನ್ನು ತಟ್ಟಬಹುದು. ಜೊತೆಗೆ ಕಾಯಿ ಚಟ್ನಿ, ಅದಕ್ಕೂ ಅದೇ ಪ್ಯಾಕೆಟ್ ತುರಿ.